ಗಡಿಯಾರ ಇಟ್ಟು ಮಾನವಾಕೃತಿ ಬರೆಯುವ ಅಭ್ಯಾಸ: ಕಾಸರಗೋಡಿನವರಿಗೆ ಯಾವ ದಾರಿ ಅನುಕೂಲ?

ಮಾನವಾಕೃತಿಯನ್ನು ನಿಗದಿತ ಸಮಯದೊಳಗೆ ಬರೆಯುವ ಅಭ್ಯಾಸ ಮಾಡಬೇಕೆಂದು ಬಯಸುವ ಕಾಸರಗೋಡಿನ ಕಲಾಸಕ್ತರ ಮುಂದೆ ಈಗ ನಾಲ್ಕು ದಾರಿಗಳಿವೆ. ದೊಡ್ಡ ನಗರದ ಕಲಾಶಾಲೆಯಲ್ಲೋ ಸ್ಟುಡಿಯೋದಲ್ಲೋ ನಡೆಯುವ ಮಾಡೆಲ್ ತರಗತಿಗೆ ಹೋಗುವುದು ಒಂದು. ಊರಿನಲ್ಲೇ ನಾಲ್ಕೈದು ಮಂದಿ ಸೇರಿ, ಬಟ್ಟೆ ತೊಟ್ಟ ಮಾಡೆಲ್ ಒಬ್ಬರನ್ನು ಕೂರಿಸಿಕೊಂಡು ಬರೆಯುವುದು ಇನ್ನೊಂದು. ಕಂಪ್ಯೂಟರಿನ ಅಥವಾ ಫೋನಿನ ಪರದೆಯ ಮೇಲೆ ತಾನಾಗಿ ಬದಲಾಗುತ್ತ ಹೋಗುವ ಫೋಟೋಗಳನ್ನು ನೋಡಿ ಬರೆಯುವುದು ಮೂರನೆಯದು. ಯಕ್ಷಗಾನದವರು ಬಣ್ಣ ಹಚ್ಚಿಕೊಳ್ಳುವ ಚೌಕಿ, ಕುಳಿತು ಮಾತಿನಲ್ಲೇ ಪ್ರಸಂಗ ನಡೆಸುವ ತಾಳಮದ್ದಳೆಯ ವೇದಿಕೆ, ಕಳರಿಪಯಟ್ಟು ಎಂಬ ಸಮರಕಲೆ ಕಲಿಸುವ ಕಳರಿ, ಅಡಿಕೆ ಸುಲಿಯುವ ಅಂಗಳ ಮೊದಲಾದ ಕಡೆ ತಮ್ಮ ತಮ್ಮ ಕೆಲಸದಲ್ಲಿ ತೊಡಗಿರುವವರನ್ನು ನೋಡಿ ಬರೆಯುವುದು ನಾಲ್ಕನೆಯದು. ಇವುಗಳಲ್ಲಿ ಒಂದನ್ನು ಆರಿಸುವಾಗ ಖರ್ಚು ಮತ್ತು ದೂರವನ್ನು ಲೆಕ್ಕ ಹಾಕುವುದು ವಾಡಿಕೆ. ಆ ಲೆಕ್ಕ ಬೇಕು, ಆದರೆ ಅದಕ್ಕೂ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ: ಬರೆಯುವಾಗ ಸಮಯ ಯಾರ ಕೈಯಲ್ಲಿರುತ್ತದೆ?

ಮಾಡೆಲ್ ತರಗತಿಯಲ್ಲಿ ಸಮಯ ಹಿಡಿಯುವವರು ತರಗತಿ ನಡೆಸುವವರು. ಅವರು ಭಂಗಿ ಬದಲಿಸಲು ಹೇಳಿದರೆ ಚಿತ್ರ ಎಲ್ಲಿಗೆ ಬಂದಿದ್ದರೂ ಪುಟ ತಿರುಗಿಸಲೇಬೇಕು. ಪರದೆಯ ಮುಂದೆ ಸಮಯ ಬರೆಯುವವರ ಕೈಯಲ್ಲೇ ಇರುತ್ತದೆ. ನಿಲ್ಲಿಸುವ ಗುಂಡಿ ಒತ್ತಿದರೆ ಎರಡು ನಿಮಿಷದ ಭಂಗಿ ಹತ್ತು ನಿಮಿಷದ್ದಾಗುತ್ತದೆ. ಚೌಕಿಯಲ್ಲೋ ಅಂಗಳದಲ್ಲೋ ಬರೆಯುವಾಗ ಅದು ಎದುರಿಗಿರುವ ವ್ಯಕ್ತಿಯ ಕೈಯಲ್ಲಿರುತ್ತದೆ. ಅವರು ಯಾವಾಗ ಎದ್ದು ಹೋದಾರೆಂದು ಹೇಳಲಾಗದು. ಮೇಲ್ನೋಟಕ್ಕೆ ಸಣ್ಣದೆನಿಸುವ ಈ ವ್ಯತ್ಯಾಸವೇ ಕೈ ಏನನ್ನು ಕಲಿಯುತ್ತದೆ ಎಂಬುದನ್ನು ನಿರ್ಧರಿಸುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಎಷ್ಟು ನಿಮಿಷ, ಏತಕ್ಕಾಗಿ

ದಾರಿಗಳನ್ನು ಹೋಲಿಸುವ ಮೊದಲು ಭಂಗಿಯ ಅವಧಿಯ ಬಗ್ಗೆ ಸ್ಪಷ್ಟತೆ ಬೇಕು. ಮೂವತ್ತು ಸೆಕೆಂಡಿನಿಂದ ಎರಡು ನಿಮಿಷದವರೆಗಿನ ಭಂಗಿಗಳಲ್ಲಿ ಮುಖದ ಹೋಲಿಕೆ, ಬೆರಳು, ಬಟ್ಟೆಯ ನೆರಿಗೆ ಯಾವುದಕ್ಕೂ ಎಡೆಯಿಲ್ಲ. ದೇಹದ ಭಾರ ಎಲ್ಲಿ ನಿಂತಿದೆ, ತಲೆಯಿಂದ ಪಾದದವರೆಗೆ ಹರಿಯುವ ಮುಖ್ಯ ರೇಖೆ ಯಾವ ಕಡೆ ಬಾಗಿದೆ ಎಂಬುದನ್ನು ಹಿಡಿಯುವುದೇ ಅಲ್ಲಿನ ಕೆಲಸ. ನ್ಯೂಯಾರ್ಕಿನ ಆರ್ಟ್ ಸ್ಟೂಡೆಂಟ್ಸ್ ಲೀಗ್ ಎಂಬ ಕಲಾಶಾಲೆಯಲ್ಲಿ ಕಲಿಸುತ್ತಿದ್ದ ಕಿಮೋನ್ ನಿಕೋಲೈಡಿಸ್ (1891–1938) ಈ ಬಗೆಯ ಶೀಘ್ರ ರೇಖಾಭ್ಯಾಸವನ್ನು ತಮ್ಮ ಪಾಠದ ಕೇಂದ್ರದಲ್ಲಿಟ್ಟು, ಆಕೃತಿಯ ಅಂಚನ್ನು ಹುಡುಕುವುದಕ್ಕಿಂತ ಅದು ಮಾಡುತ್ತಿರುವ ಕ್ರಿಯೆಯನ್ನು ಹುಡುಕುವಂತೆ ವಿದ್ಯಾರ್ಥಿಗಳನ್ನು ತಿದ್ದಿದರು. ಐದರಿಂದ ಹತ್ತು ನಿಮಿಷ ಸಿಕ್ಕಾಗ ಎದೆಗೂಡು ಮತ್ತು ಸೊಂಟದ ಗೂಡು ಒಂದಕ್ಕೊಂದು ಹೇಗೆ ವಾಲಿಕೊಂಡಿವೆ ಎಂಬುದನ್ನು, ಕೈಕಾಲುಗಳ ಅಳತೆಯನ್ನು ಸೇರಿಸಬಹುದು. ಇಪ್ಪತ್ತು ನಿಮಿಷ ಮತ್ತು ಅದಕ್ಕಿಂತ ಹೆಚ್ಚಿನ ಭಂಗಿಗಳು ನೆರಳು ಬೆಳಕಿಗೆ, ತಿದ್ದುವಿಕೆಗೆ, ಅಳೆದು ನೋಡುವುದಕ್ಕೆ ಅವಕಾಶ ಕೊಡುತ್ತವೆ.

ಎರಡು ನಿಮಿಷದಲ್ಲಿ ನಿಜಕ್ಕೂ ಏನು ಮಾಡಬಹುದು ಎಂಬುದಕ್ಕೆ ಒಂದು ಉದಾಹರಣೆ ನೋಡೋಣ. ಒಬ್ಬರು ಬಲಗಾಲಿನ ಮೇಲೆ ಭಾರ ಹಾಕಿ, ಎಡಗಾಲನ್ನು ಸಡಿಲ ಬಿಟ್ಟು ನಿಂತಿದ್ದಾರೆ ಎಂದುಕೊಳ್ಳಿ. ಆಗ ಬಲಗಡೆಯ ಸೊಂಟ ಮೇಲೇರುತ್ತದೆ, ದೇಹ ಸಡಿಲವಾಗಿದ್ದರೆ ಬಲಗಡೆಯ ಹೆಗಲು ಕೆಳಗಿಳಿಯುತ್ತದೆ. ಸೊಂಟದ ಗೆರೆ ಮತ್ತು ಹೆಗಲಿನ ಗೆರೆ ವಿರುದ್ಧ ದಿಕ್ಕಿಗೆ ವಾಲುತ್ತವೆ. ಪೆನ್ಸಿಲನ್ನು ಲಂಬವಾಗಿ ಹಿಡಿದು, ಒಂದು ಕಣ್ಣು ಮುಚ್ಚಿ, ಕೊರಳ ಗುಳಿಯಿಂದ ನೇರ ಕೆಳಕ್ಕೆ ನೋಡಿದರೆ ಆ ಗೆರೆ ಭಾರ ಹೊತ್ತ ಪಾದದ ಒಳಬದಿಯ ಹರಡಿನ ಹತ್ತಿರ ಬಂದು ನಿಲ್ಲುತ್ತದೆ. ಮೊದಲ ಹದಿನೈದು ಸೆಕೆಂಡಿನಲ್ಲಿ ಈ ಲಂಬರೇಖೆ, ಅದರ ಮೇಲೆ ತಲೆಯ ಮೊಟ್ಟೆಯಾಕಾರ, ಹೆಗಲಿನ ಮತ್ತು ಸೊಂಟದ ಎರಡು ವಾಲು ಗೆರೆಗಳು ಬಂದರೆ, ಉಳಿದ ಸಮಯದಲ್ಲಿ ಏನು ಸೇರಿಸಿದರೂ ಆಕೃತಿ ನೆಲದ ಮೇಲೆ ನಿಲ್ಲುತ್ತದೆ. ಇವು ತಪ್ಪಿದರೆ ಅರ್ಧ ಗಂಟೆ ನೆರಳು ತುಂಬಿದರೂ ಆಕೃತಿ ಬೀಳುವಂತೆಯೇ ಕಾಣುತ್ತದೆ. ಸಾಮಾನ್ಯ ದೇಹದ ಎತ್ತರ ಸುಮಾರು ಏಳೂವರೆ ತಲೆಯಷ್ಟು ಎಂಬ ಅಳತೆಯೂ ಇಲ್ಲಿ ನೆರವಾಗುತ್ತದೆ, ಆದರೆ ಅದು ನಿಂತವರಿಗೆ ಮಾತ್ರ ಅನ್ವಯಿಸುತ್ತದೆ. ಚಕ್ಕಳಮಕ್ಕಳ ಹಾಕಿ ಕುಳಿತವರಿಗೆ ಅದನ್ನು ಹೊಂದಿಸಲು ಹೋಗಬಾರದು.

ನಗರದ ಮಾಡೆಲ್ ತರಗತಿ

ನಗ್ನ ಮಾಡೆಲನ್ನು ಎದುರಿಗಿಟ್ಟು ಬರೆಯುವ ಅಭ್ಯಾಸ ನಮ್ಮ ದೇಶದ ಹಳೆಯ ಕಲಾಶಾಲೆಗಳಿಗೆ ಹೊಸದಲ್ಲ. 1857ರಲ್ಲಿ ಆರಂಭವಾದ ಮುಂಬಯಿಯ ಜೆ.ಜೆ. ಕಲಾಶಾಲೆಯ ಶಿಕ್ಷಣದಲ್ಲಿ ಅದಕ್ಕೆ ದೊಡ್ಡ ಸ್ಥಾನವಿತ್ತು. ಕಲಾಶಾಲೆಯ ಹೊರಗೆ ಬೆಂಗಳೂರಿನಂಥ ನಗರಗಳಲ್ಲಿ ಶುಲ್ಕ ಕೊಟ್ಟು ಯಾರೂ ಸೇರಬಹುದಾದ ಅಭ್ಯಾಸಗಳೂ ನಡೆಯುತ್ತವೆ. ಇವುಗಳಲ್ಲಿ ಪಾಠವಿರುವವು ಮತ್ತು ಪಾಠವಿಲ್ಲದವು ಎಂಬ ಎರಡು ಬಗೆಗಳಿವೆ. ಪ್ಯಾರಿಸ್ಸಿನಲ್ಲಿ 1904ರಲ್ಲಿ ತೆರೆದ ಗ್ರಾಂದ್ ಶೋಮಿಯೇರ್ ಅಕಾಡೆಮಿ ಎರಡನೆಯ ಬಗೆಗೆ ಹೆಸರಾದದ್ದು: ಬಂದು, ಹಣ ಕೊಟ್ಟು, ಬರೆದು, ಯಾರ ತಿದ್ದುಪಡಿಯೂ ಇಲ್ಲದೆ ಹೋಗಬಹುದು. ಹೊಸಬರು ಪಾಠವಿರುವ ತರಗತಿಯನ್ನೇ ಆರಿಸಬೇಕು, ಏಕೆಂದರೆ ತಪ್ಪನ್ನು ವೇಗವಾಗಿ ಮತ್ತೆ ಮತ್ತೆ ಮಾಡಿದರೆ ತಪ್ಪೇ ಕೈಗೆ ರೂಢಿಯಾಗುತ್ತದೆ. ಎರಡು ಮೂರು ವರ್ಷ ಬರೆದವರಿಗೆ ಪಾಠವಿಲ್ಲದ ಬಗೆಯೇ ಹೆಚ್ಚು ಹಿತ.

ಈ ದಾರಿಯ ದೊಡ್ಡ ಲಾಭ ಎರಡು. ಬಟ್ಟೆಯ ಮರೆಯಿಲ್ಲದೆ ಸೊಂಟದ ಮೂಳೆ, ಹೆಗಲೆಲುಬು, ಬೆನ್ನುಮೂಳೆಯ ಸಾಲು ಕಣ್ಣಿಗೆ ಬೀಳುತ್ತವೆ. ಒಮ್ಮೆ ಅವು ಮನಸ್ಸಿನಲ್ಲಿ ಕುಳಿತರೆ ಸೀರೆಯ ಒಳಗಿನ ಮೊಣಕಾಲು ಎಲ್ಲಿದೆಯೆಂದು ಊಹಿಸುವುದು ಸುಲಭವಾಗುತ್ತದೆ. ಎರಡನೆಯದಾಗಿ, ಅನುಭವಿ ಮಾಡೆಲ್ ಭಂಗಿಗಳನ್ನು ತಾನೇ ಕಟ್ಟುತ್ತಾರೆ. ತಿರುಚಿದ ಬೆನ್ನು, ಎತ್ತಿದ ತೋಳು, ಎದುರಿಗೆ ಚಾಚಿದ ಕಾಲು ಮುಂತಾದ ಕಠಿಣ ಭಂಗಿಗಳು ಒಂದೇ ಸಂಜೆಯಲ್ಲಿ ಸಾಲಾಗಿ ಸಿಗುತ್ತವೆ. ನಷ್ಟವೆಂದರೆ ದೂರ. ಕಾಸರಗೋಡಿನಿಂದ ಬೆಂಗಳೂರಿಗೆ ರಾತ್ರಿಯ ಪ್ರಯಾಣ, ಉಳಿದುಕೊಳ್ಳುವ ಖರ್ಚು, ತರಗತಿಯ ಶುಲ್ಕ ಇವೆಲ್ಲ ಸೇರಿದಾಗ ತಿಂಗಳಿಗೊಮ್ಮೆ ಹೋಗುವುದೂ ಹೆಚ್ಚಿನವರಿಗೆ ಸಾಧ್ಯವಾಗದು. ವರ್ಷಕ್ಕೆ ಒಂದೆರಡು ಬಾರಿ, ಮೂರು ನಾಲ್ಕು ದಿನ ಒಟ್ಟಿಗೆ ನಡೆಯುವ ಶಿಬಿರಕ್ಕೆ ಹೋಗುವುದು ಒಂದು ಸಂಜೆಯ ತರಗತಿಗಾಗಿ ಪ್ರಯಾಣಿಸುವುದಕ್ಕಿಂತ ಮೇಲು. ಹೋಗುವ ಮೊದಲು ಭಂಗಿಗಳ ಅವಧಿಯನ್ನು ವಿಚಾರಿಸಿಕೊಳ್ಳಿ. ಇಡೀ ದಿನ ಒಂದೇ ಭಂಗಿ ಇರುವ ಶಿಬಿರಕ್ಕೆ ಶೀಘ್ರ ರೇಖೆಯ ಅಭ್ಯಾಸಕ್ಕೆಂದು ಹೋಗಿ ಪ್ರಯೋಜನವಿಲ್ಲ.

ಊರಿನ ಕೂಟ

ನಾನು ಹೆಚ್ಚು ಒತ್ತು ಕೊಡುವುದು ಈ ದಾರಿಗೆ. ನಾಲ್ಕರಿಂದ ಎಂಟು ಮಂದಿ, ಒಂದು ಕೋಣೆ, ಒಂದು ಸ್ಟಾಪ್‌ವಾಚ್, ಒಬ್ಬ ಮಾಡೆಲ್ ಇಷ್ಟಿದ್ದರೆ ಕೂಟ ನಡೆಯುತ್ತದೆ. ಕೇರಳದ ಗ್ರಂಥಾಲಯ ಚಳವಳಿಯ ಫಲವಾಗಿ ನಮ್ಮ ಸಣ್ಣ ಊರುಗಳಲ್ಲೂ ವಾಚನಾಲಯ ಮತ್ತು ಅದಕ್ಕೊಂದು ಪುಟ್ಟ ಸಭಾಂಗಣ ಇರುತ್ತದೆ. ಭಾನುವಾರ ಮಧ್ಯಾಹ್ನ ಎರಡು ಗಂಟೆ ಕಾಲ ಅದನ್ನು ಕೇಳಿದರೆ ಬೇಡವೆನ್ನುವವರು ಕಡಿಮೆ. ಇಂಥ ಸಾರ್ವಜನಿಕ ಜಾಗದಲ್ಲಿ ಮಾಡೆಲ್ ಬಟ್ಟೆ ತೊಟ್ಟೇ ಇರುತ್ತಾರೆ, ಅದರಿಂದ ಅಭ್ಯಾಸ ಬಡವಾಗುವುದೆಂಬ ಆತಂಕ ಬೇಡ. ಸಡಿಲವಾದ ಚೂಡಿದಾರ್ ಅಥವಾ ಜೀನ್ಸ್‌ಗಿಂತ ಮೈಗೆ ಹತ್ತಿದ ಬನಿಯನ್ ಮತ್ತು ಟ್ರ್ಯಾಕ್ ಪ್ಯಾಂಟ್, ಅಥವಾ ಕಚ್ಚೆ ಹಾಕಿದ ಪಂಚೆ ಸೊಂಟ ಮತ್ತು ಮೊಣಕಾಲುಗಳನ್ನು ಸ್ಪಷ್ಟವಾಗಿ ತೋರಿಸುತ್ತದೆ.

ಮಾಡೆಲ್ ಯಾರು ಎಂಬ ಪ್ರಶ್ನೆಗೆ ನಮ್ಮ ಜಿಲ್ಲೆಯಲ್ಲಿ ಬೇರೆಡೆ ಇಲ್ಲದ ಉತ್ತರವೊಂದಿದೆ. ಉತ್ತರ ಕೇರಳ ಕಳರಿಪಯಟ್ಟಿನ ನೆಲ. ಕಳರಿಯಲ್ಲಿ ಪಳಗಿದವರಿಗೆ ಆನೆ, ಕುದುರೆ, ಸಿಂಹ, ಕಾಡುಹಂದಿ ಮೊದಲಾದ ಪ್ರಾಣಿಗಳ ಹೆಸರಿನ ಎಂಟು ವಡಿವುಗಳು, ಅಂದರೆ ನಿಲುವುಗಳು, ಕರಗತವಾಗಿರುತ್ತವೆ. ಮುಂದಿನ ಮೊಣಕಾಲು ಮಡಚಿ ಹಿಂದಿನ ಕಾಲನ್ನು ನೀಳವಾಗಿ ಚಾಚಿದ ಅಶ್ವವಡಿವನ್ನು ಅವರು ಒಂದು ನಿಮಿಷ ಅಲುಗಾಡದೆ ಹಿಡಿಯಬಲ್ಲರು. ಕಚ್ಚೆ ಮಾತ್ರ ಉಟ್ಟ ಅಭ್ಯಾಸಿಯ ಬೆನ್ನು, ತೊಡೆ, ಹೆಗಲುಗಳನ್ನು ನೋಡಿ ಬರೆಯುವಾಗ ನಗರದ ತರಗತಿಯಲ್ಲಿ ಸಿಗುವುದರ ದೊಡ್ಡ ಪಾಲು ಇಲ್ಲೇ ಸಿಗುತ್ತದೆ. ಕಳರಿಯ ಗುರುವಾದ ಗುರುಕ್ಕಳ ಅನುಮತಿ ಕೇಳಿ, ಸಮಯಕ್ಕೆ ತಕ್ಕ ಸಂಭಾವನೆ ಕೊಟ್ಟು ಒಬ್ಬ ಹಿರಿಯ ಶಿಷ್ಯನನ್ನು ಕರೆಸಿಕೊಳ್ಳುವುದು ಕಷ್ಟವೇನಲ್ಲ. ಯಕ್ಷಗಾನ ನಾಟ್ಯ ಕಲಿಯುತ್ತಿರುವ ಯುವಕ ಯುವತಿಯರೂ ಉತ್ತಮ ಮಾಡೆಲ್‌ಗಳೇ. ಯಾರೂ ಸಿಗದ ವಾರ ಕೂಟದವರೇ ಸರದಿಯಲ್ಲಿ ಹತ್ತು ಹತ್ತು ನಿಮಿಷ ನಿಂತರಾಯಿತು. ಹೀಗೆ ನಿಂತವರಿಗೆ ಎತ್ತಿದ ಕೈ ಐದನೆಯ ನಿಮಿಷದಲ್ಲಿ ಎಷ್ಟು ಭಾರವಾಗುತ್ತದೆ ಎಂಬುದು ಮೈಯಿಂದಲೇ ತಿಳಿಯುತ್ತದೆ, ಮತ್ತು ಆ ತಿಳಿವು ಮುಂದಿನ ಚಿತ್ರದ ತೋಳಿನಲ್ಲಿ ಕಾಣಿಸಿಕೊಳ್ಳುತ್ತದೆ. ಉಡುಪಿ ಸಮೀಪದ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಚಿತ್ರಕಲಾವಿದ ಕೆ.ಕೆ. ಹೆಬ್ಬಾರರು ಲಯವನ್ನು ಅರಿಯಲೆಂದೇ ಕಥಕ್ ಅಭ್ಯಾಸ ಮಾಡಿದ್ದರು. ಕೆಲವೇ ಗೆರೆಗಳಲ್ಲಿ ಕುಣಿಯುವ ದೇಹವನ್ನು ನಿಲ್ಲಿಸುವ ಅವರ ರೇಖಾಚಿತ್ರಗಳ ಹಿಂದೆ ಅಂಥ ಮೈಯರಿವು ಇದೆ ಎಂದು ನಾನು ನಂಬುತ್ತೇನೆ.

ಮಾಡೆಲ್ ಆಗಿ ಬಂದವರ ಗೌರವ ಮತ್ತು ಅನುಕೂಲದ ಬಗ್ಗೆ ಕೂಟ ಮೊದಲೇ ತೀರ್ಮಾನ ಮಾಡಿಕೊಳ್ಳಬೇಕು. ಫೋಟೋ ತೆಗೆಯಬಾರದು ಎಂಬುದು ಮೊದಲ ನಿಯಮವಾಗಲಿ. ಬರೆದ ಚಿತ್ರವನ್ನು ಎಲ್ಲಿಯಾದರೂ ಹಾಕುವುದಿದ್ದರೆ ಅವರ ಒಪ್ಪಿಗೆ ಬೇಕು. ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ಹೊತ್ತು ಬಿಡುವಿಲ್ಲದೆ ನಿಲ್ಲಿಸಬಾರದು. ಭಂಗಿಯನ್ನು ಮುಂದುವರಿಸುವುದಿದ್ದರೆ ಪಾದದ ಸುತ್ತ ನೆಲದ ಮೇಲೆ ಸೀಮೆಸುಣ್ಣದ ಗುರುತು ಹಾಕಿ, ಬಿಡುವಿನ ನಂತರ ಅಲ್ಲಿಗೇ ಬಂದು ನಿಲ್ಲುವಂತೆ ಮಾಡಬಹುದು. ನಮ್ಮ ಸೆಕೆಯಲ್ಲಿ ಫ್ಯಾನು ಮಾಡೆಲ್ ಕಡೆಗಿರಬೇಕು, ಬರೆಯುವವರ ಕಡೆಗಲ್ಲ. ಸಂಭಾವನೆಯನ್ನು ಮೊದಲೇ ಮಾತಾಡಿ, ಎರಡು ಗಂಟೆಯ ನಿಲುವಿಗೆ ಊರಿನ ಅರ್ಧ ದಿನದ ಕೂಲಿಗಿಂತ ಕಡಿಮೆಯಾಗದಂತೆ ನೋಡಿಕೊಳ್ಳಬೇಕೆಂಬುದು ನನ್ನ ನಿಲುವು. ಅಲುಗಾಡದೆ ನಿಲ್ಲುವುದು ದುಡಿಮೆಯೇ. ಹದಿನೆಂಟು ತುಂಬದವರನ್ನು ಹೆತ್ತವರು ಜೊತೆಗಿಲ್ಲದೆ ಕೂರಿಸಲೇಬಾರದು.

ಪರದೆಯ ಫೋಟೋಗಳು

ಲೈನ್ ಆಫ್ ಆಕ್ಷನ್‌ನಂಥ ಜಾಲತಾಣಗಳಲ್ಲಿ ಅವಧಿಯನ್ನು ನಿಗದಿ ಮಾಡಿದರೆ ಫೋಟೋಗಳು ತಾವಾಗಿಯೇ ಬದಲಾಗುತ್ತವೆ. ಬಟ್ಟೆ ತೊಟ್ಟವರು, ತೊಡದವರು ಎಂದು ಆರಿಸಿಕೊಳ್ಳುವ ಸೌಲಭ್ಯವೂ ಇದೆ. ರಾತ್ರಿ ಊಟದ ನಂತರ ಹದಿನೈದು ನಿಮಿಷ ಬರೆಯಲು ಇದಕ್ಕಿಂತ ಸುಲಭದ ದಾರಿಯಿಲ್ಲ, ಖರ್ಚೂ ಇಲ್ಲದಷ್ಟೇ. ಆದ್ದರಿಂದಲೇ ಹಲವರು ಇದೊಂದರಲ್ಲೇ ನಿಂತುಬಿಡುತ್ತಾರೆ, ಮತ್ತು ಅದು ವಿಷಾದದ ಸಂಗತಿ.

ಫೋಟೋ ಒಂದೇ ಕಣ್ಣಿನಿಂದ ನೋಡುತ್ತದೆ. ಎದುರಿಗೆ ಕುಳಿತ ವ್ಯಕ್ತಿಯನ್ನು ಎರಡು ಕಣ್ಣುಗಳಿಂದ ನೋಡುವಾಗ ಸಿಗುವ ಆಳ ಅಲ್ಲಿಲ್ಲ. ಮೊಣಕೈ ಮುಂದಿದೆಯೋ ಹಿಂದಿದೆಯೋ ಎಂಬ ಸಂದೇಹ ಬಂದಾಗ ತಲೆಯನ್ನು ಸ್ವಲ್ಪ ಪಕ್ಕಕ್ಕೆ ಸರಿಸಿ ನೋಡಲೂ ಆಗುವುದಿಲ್ಲ. ಅಗಲನೋಟದ ಮಸೂರದಿಂದ ಹತ್ತಿರದಲ್ಲಿ ತೆಗೆದ ಫೋಟೋದಲ್ಲಿ ಮುಂದಕ್ಕೆ ಚಾಚಿದ ಪಾದ ಅತಿಯಾಗಿ ಹಿಗ್ಗಿ, ತಲೆ ಕುಗ್ಗಿರುತ್ತದೆ. ಅದನ್ನೇ ಸತ್ಯವೆಂದು ಅಳೆದು ಬರೆದವರ ಅಳತೆಗಳು ಕೆಡುತ್ತವೆ. ನೆರಳಿನ ಭಾಗ ಎಷ್ಟೋ ಸಲ ಬರೀ ಕಪ್ಪಾಗಿ ಮುಚ್ಚಿಹೋಗಿರುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಜೀವಂತ ಭಂಗಿ ಇಳಿಯುತ್ತದೆ: ಹತ್ತು ನಿಮಿಷದಲ್ಲಿ ಹೆಗಲು ಕುಸಿಯುತ್ತದೆ, ಗಲ್ಲ ಎದೆಯ ಕಡೆ ಬರುತ್ತದೆ, ಎತ್ತಿದ ಮಣಿಕಟ್ಟು ಬಾಗುತ್ತದೆ. ಯಾವ ಭಾಗ ಮೊದಲು ಇಳಿಯುತ್ತದೆಂದು ಊಹಿಸಿ ಅದನ್ನೇ ಮೊದಲು ಬರೆದುಕೊಳ್ಳುವ ವಿವೇಕ ಫೋಟೋದ ಮುಂದೆ ಬರುವುದಿಲ್ಲ. ಹಾಗಾಗಿ ಪರದೆಯನ್ನು ಒಂದು ನಿಮಿಷ, ಎರಡು ನಿಮಿಷದ ಭಂಗಿಗಳಿಗೆ ಮಾತ್ರ ಇಟ್ಟುಕೊಳ್ಳಿ, ನಿಲ್ಲಿಸುವ ಗುಂಡಿಯನ್ನು ಮುಟ್ಟದಿರಿ. ದೀರ್ಘ ಭಂಗಿಗಳನ್ನು ಜೀವಂತ ಮಾಡೆಲ್‌ಗೆ ಬಿಡಿ.

ಚೌಕಿ, ಕಳಿಯಾಟ, ಅಂಗಳ

ನಾಲ್ಕನೆಯ ದಾರಿ ನಮ್ಮ ಗಡಿನಾಡಿನಲ್ಲಿ ಅತ್ಯಂತ ಸಮೃದ್ಧವಾದುದು. ದೀಪಾವಳಿಯ ಆಚೀಚೆಯಿಂದ ಮೇ ತಿಂಗಳ ಕೊನೆಯ ಪತ್ತನಾಜೆಯವರೆಗೆ ಯಕ್ಷಗಾನ ಮೇಳಗಳ ತಿರುಗಾಟವಿರುತ್ತದೆ. ರಂಗಸ್ಥಳದ ಕುಣಿತವನ್ನು ಬರೆಯಬೇಕೆಂದು ಹೊಸಬರು ಆಸೆಪಡುತ್ತಾರೆ. ಆದರೆ ಅಲ್ಲಿ ದೇಹಕ್ಕಿಂತ ವೇಷವೇ ಕಾಣುವುದು, ಮತ್ತು ಭಂಗಿ ಎರಡು ಸೆಕೆಂಡೂ ನಿಲ್ಲದು. ಅದಕ್ಕಿಂತ ಚೌಕಿ ಮೇಲು. ಕನ್ನಡಿ ಹಿಡಿದು ತಮ್ಮ ಮುಖಕ್ಕೆ ತಾವೇ ಬಣ್ಣ ಹಚ್ಚುತ್ತಿರುವ ಕಲಾವಿದರು ನೆಲದ ಮೇಲೆ ಕಾಲು ಮಡಚಿ ಕುಳಿತು, ಬೆನ್ನು ಸ್ವಲ್ಪ ಮುಂದಕ್ಕೆ ಬಾಗಿಸಿ, ಒಂದು ಕೈ ಮಾತ್ರ ಆಡಿಸುತ್ತಿರುತ್ತಾರೆ. ರಾಕ್ಷಸ ಪಾತ್ರಗಳ ಬಣ್ಣದ ವೇಷಕ್ಕೆ ಅಕ್ಕಿಹಿಟ್ಟಿನ ಚಿಟ್ಟಿ (ಮುಖದ ಮೇಲಿನ ಉಬ್ಬು ಚುಕ್ಕಿಗಳು) ಇಡುವ ಕೆಲಸವಂತೂ ಗಂಟೆಗಟ್ಟಲೆ ಸಾಗುತ್ತದೆ. ಇಷ್ಟು ದೀರ್ಘವಾದ, ಇಷ್ಟು ಸ್ಥಿರವಾದ, ಒಂದೇ ಕಡೆಯಿಂದ ಬೆಳಕು ಬೀಳುವ ಭಂಗಿ ಯಾವ ತರಗತಿಯಲ್ಲೂ ಸುಲಭಕ್ಕೆ ದೊರೆಯದು. ಮೇಳದವರ ಅನುಮತಿ ಪಡೆದು, ಮೂಲೆಯಲ್ಲಿ ಕುಳಿತು, ದಾರಿಗೆ ಅಡ್ಡವಾಗದಂತೆ ಬರೆಯಬೇಕು. ರಂಗದ ಮೇಲೂ ಹಿಮ್ಮೇಳ ಒಳ್ಳೆಯ ವಿಷಯ: ಯಕ್ಷಗಾನದ ತೆಂಕಣ ಶೈಲಿಯಾದ ತೆಂಕುತಿಟ್ಟಿನಲ್ಲಿ ನಿಂತು ಬಾರಿಸುವ ಚೆಂಡೆಯವರ ತೋಳು ಅದೇ ಎರಡು ಮೂರು ಸ್ಥಾನಗಳಿಗೆ ಮತ್ತೆ ಮತ್ತೆ ಮರಳುವುದರಿಂದ, ಒಂದು ಪುಟದಲ್ಲಿ ಮೂರು ಚಿತ್ರಗಳನ್ನು ಒಟ್ಟಿಗೆ ಆರಂಭಿಸಿ, ತೋಳು ಬಂದಂತೆ ಆಯಾ ಚಿತ್ರಕ್ಕೆ ಗೆರೆ ಸೇರಿಸುತ್ತ ಹೋಗಬಹುದು.

ಮಳೆಗಾಲದಲ್ಲಿ ತಾಳಮದ್ದಳೆಗಳಿರುತ್ತವೆ. ಮಾತಿನ ಬಿಸಿಯೇರಿದಾಗ ಪಾತ್ರವಾಗಿ ಮಾತಾಡುವ ಅರ್ಥಧಾರಿಯ ಕೊರಳು, ಹೆಗಲು, ಬೆರಳುಗಳು ಆಡುವ ರೀತಿ ಸೊಂಟದಿಂದ ಮೇಲಿನ ಶೀಘ್ರ ರೇಖೆಗಳಿಗೆ ಹೇಳಿ ಮಾಡಿಸಿದಂತಿರುತ್ತದೆ. ಚಂದ್ರಗಿರಿ ಹೊಳೆಯಿಂದ ತೆಂಕಕ್ಕೆ ತೆಯ್ಯಂ ಎಂಬ ದೈವಾರಾಧನೆಯ ಉತ್ಸವಗಳಾದ ಕಳಿಯಾಟಗಳು ಹೆಚ್ಚು. ಅಲ್ಲಿ ಪೂರ್ಣ ಮುಡಿ ಹೊತ್ತ ಕೋಲಕ್ಕಿಂತ, ಹಿಂದಿನ ಸಂಜೆ ಕಡಿಮೆ ಅಲಂಕಾರದಲ್ಲಿ ನಡೆಯುವ ತೋಟ್ಟಂ ಮತ್ತು ವೆಳ್ಳಾಟ್ಟಗಳಲ್ಲಿ ದೇಹದ ಚಲನೆ ಚೆನ್ನಾಗಿ ಕಾಣುತ್ತದೆ. ಅದು ಆರಾಧನೆಯ ಜಾಗವಾದ್ದರಿಂದ ಮನೆತನದವರನ್ನು ಕೇಳದೆ ಕಾಗದ ತೆರೆಯಬಾರದು, ದೈವ ಎದುರಿಗೆ ಬಂದಾಗ ಕೈ ನಿಲ್ಲಿಸಬೇಕು.

ಮನೆಯಲ್ಲೇ ಕುಳಿತು ಬೀಡಿ ಕಟ್ಟುವವರು, ಅಂಗಳದಲ್ಲಿ ಅಡಿಕೆ ಸುಲಿಯುವವರು ಇವರೆಲ್ಲರ ಕೆಲಸವೂ ಸುತ್ತಿ ಸುತ್ತಿ ಅದೇ ಭಂಗಿಗೆ ಬರುವಂಥದು. ಅಡಿಕೆಯನ್ನು ಎತ್ತಿಕೊಳ್ಳುವುದು, ಒತ್ತುವುದು, ಸಿಪ್ಪೆ ಬಿಡಿಸಿ ಎಸೆಯುವುದು ಎಂಬ ಮೂರು ನೆಲೆಗಳಲ್ಲಿ ಒಂದನ್ನು ಆರಿಸಿಕೊಂಡು, ಅದು ಮರಳಿ ಬಂದಾಗಲೆಲ್ಲ ಕಣ್ಣಿನಲ್ಲಿ ತುಂಬಿಕೊಂಡು, ನಡುವಿನ ಹೊತ್ತಿನಲ್ಲಿ ನೆನಪಿನಿಂದ ಬರೆಯುವುದು ಸ್ಮರಣೆಯನ್ನು ಬೆಳೆಸುತ್ತದೆ. ಆದರೆ ಈ ನಾಲ್ಕನೆಯ ದಾರಿಯೊಂದನ್ನೇ ಹಿಡಿದವರಿಗೆ ಎದೆಗೂಡಿನ ಮತ್ತು ಕಾಲುಗಳ ರಚನೆ ಕೈವಶವಾಗುವುದು ನಿಧಾನ, ಏಕೆಂದರೆ ಅಂದಾಜಿನ ಮೇಲೆ ಅಂದಾಜು ಕೂಡುತ್ತ ಹೋಗುತ್ತದೆ.

ಯಾರಿಗೆ ಯಾವುದು

ಕಲಾಶಾಲೆಯ ಪ್ರವೇಶಕ್ಕೆ ಸಿದ್ಧರಾಗುತ್ತಿರುವ ವಿದ್ಯಾರ್ಥಿಗೆ ಊರಿನ ಕೂಟವೂ ದಿನಕ್ಕೆ ಹದಿನೈದು ನಿಮಿಷದ ಪರದೆಯ ಅಭ್ಯಾಸವೂ ಸಾಕು; ನಗರದ ತರಗತಿ ಪ್ರವೇಶವಾದ ಮೇಲೆ ತಾನಾಗಿ ಬರುತ್ತದೆ. ಉದ್ಯೋಗದ ನಡುವೆ ವಾರಕ್ಕೆ ಎರಡೇ ಗಂಟೆ ಸಿಗುವವರು ಆ ಎರಡು ಗಂಟೆಯನ್ನು ಪರದೆಗೆ ಕೊಡದೆ ಜೀವಂತ ಮನುಷ್ಯರಿಗೆ ಕೊಡಬೇಕು, ಆ ಮನುಷ್ಯರು ಅಂಗಳದಲ್ಲಿ ಕುಳಿತ ದೊಡ್ಡಮ್ಮನೇ ಆಗಿದ್ದರೂ ಸರಿ. ನೆರಳು ಬೆಳಕಿನಲ್ಲಿ ಕೈ ಪಳಗಿದ್ದರೂ ಆಕೃತಿಗಳು ಬೊಂಬೆಯಂತೆ ಬಿಗಿಯಾಗಿವೆ ಎನಿಸುವವರು ಮೂರು ತಿಂಗಳು ಎರಡು ನಿಮಿಷಕ್ಕಿಂತ ದೀರ್ಘವಾದ ಭಂಗಿಯನ್ನು ಮುಟ್ಟದಿರಲಿ. ಗೆರೆಯಲ್ಲಿ ಓಟವಿದೆ, ಆದರೆ ಅಳತೆ ತಪ್ಪುತ್ತದೆ ಎನ್ನುವವರು ನಗರದ ಶಿಬಿರಕ್ಕೆ ಹಣ ಕೂಡಿಸಿಡುವುದು ಸಾರ್ಥಕ.

ಸಾಮಗ್ರಿಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಎ3 ಅಳತೆಯ ಅಗ್ಗದ ನ್ಯೂಸ್‌ಪ್ರಿಂಟ್ ಕಾಗದ, ಕ್ಲಿಪ್ ಹಾಕಿದ ಹಲಗೆ, ಚಾರ್ಕೋಲ್ ಕಡ್ಡಿ ಅಥವಾ 4ಬಿ ಪೆನ್ಸಿಲ್ ಇದ್ದರೆ ಆಯಿತು; ರಬ್ಬರನ್ನು ಮನೆಯಲ್ಲೇ ಬಿಟ್ಟು ಬನ್ನಿ. ಜೂನ್‌ನಿಂದ ಸೆಪ್ಟೆಂಬರ್ ತನಕ ನಮ್ಮ ಗಾಳಿಯ ತೇವಕ್ಕೆ ಕಾಗದ ಮೆತ್ತಗಾಗಿ ಚಾರ್ಕೋಲ್ ಸರಿಯಾಗಿ ಕೂರುವುದಿಲ್ಲ, ಆಗ ಬಾಲ್‌ಪೆನ್ ಹೆಚ್ಚು ನಂಬಿಗಸ್ತ. ಕಾಗದವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಡಬೇಕು. ಮಾಡೆಲ್‌ನಿಂದ ಹತ್ತು ಹನ್ನೆರಡು ಅಡಿ ದೂರ ಕುಳಿತರೆ ತಲೆಯಿಂದ ಪಾದದವರೆಗೆ ಒಂದೇ ನೋಟಕ್ಕೆ ಸಿಗುತ್ತದೆ.

ಕೂಟದ ಮೊದಲ ಭಾನುವಾರಕ್ಕೆ ಈ ಕ್ರಮವನ್ನು ಸೂಚಿಸುತ್ತೇನೆ: ಮೂವತ್ತು ಸೆಕೆಂಡಿನ ಹತ್ತು ಭಂಗಿ, ಒಂದು ನಿಮಿಷದ ಐದು, ಎರಡು ನಿಮಿಷದ ಐದು, ಬಳಿಕ ಐದು ನಿಮಿಷ ಬಿಡುವು, ಐದು ನಿಮಿಷದ ನಾಲ್ಕು ಭಂಗಿ, ಚಹಾಕ್ಕೆ ಹತ್ತು ನಿಮಿಷ, ಹತ್ತು ನಿಮಿಷದ ಎರಡು, ಮತ್ತೆ ಹತ್ತು ನಿಮಿಷ ಬಿಡುವು, ಕೊನೆಗೆ ಇಪ್ಪತ್ತು ನಿಮಿಷದ ಒಂದು. ಸಮಯ ನೋಡುವವರು ಅಂದು ಬರೆಯದೆ ಗಡಿಯಾರವನ್ನಷ್ಟೇ ಹಿಡಿಯಲಿ, ಮುಂದಿನ ವಾರ ಆ ಕೆಲಸ ಇನ್ನೊಬ್ಬರಿಗೆ ಬರಲಿ. ಮುಗಿದ ಮೇಲೆ ಎಲ್ಲರ ಹಾಳೆಗಳನ್ನು ನೆಲದ ಮೇಲೆ ಸಾಲಾಗಿ ಹರಡಿ, ಒಂದು ನಿಮಿಷದವುಗಳನ್ನು ಮೊದಲು ನೋಡಿ, ಮಾಡೆಲ್‌ಗೂ ತೋರಿಸಿ.